ಕೂಪರ್ ಫ್ಲ್ಯಾಗ್ ಡ್ಯೂಕ್‌ಗೇ ಯಾಕೆ ಹೋದ? ಪದೇ ಪದೇ ಕೇಳುವ ಪ್ರಶ್ನೆಗಳು

2023ರ ಅಕ್ಟೋಬರ್ 30, ಸೋಮವಾರ. ನಾವಿರುವುದು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ. ಇನ್ನೆರಡು ದಿನ ಕಳೆದರೆ ರಾಜ್ಯೋತ್ಸವ. ಆ ಸಂಜೆ ಕನ್ನಡದ ಮಕ್ಕಳೆಲ್ಲ ಒಬ್ಬರ ಮನೆಯ ಗ್ಯಾರೇಜಿನಲ್ಲಿ ಡ್ಯಾನ್ಸ್ ಪ್ರಾಕ್ಟೀಸ್‌ಗೆ ಸೇರಿದ್ದರು. ಕೊರಳಲ್ಲಿ ಹಳದಿ-ಕೆಂಪು ಶಾಲು, ಕಾಲಲ್ಲಿ ಬ್ಯಾಸ್ಕೆಟ್‌ಬಾಲ್ ಶೂ. ಹಾಡಿನ ಮಧ್ಯೆ ಒಬ್ಬ ಹುಡುಗ ಕುಣಿಯುವುದನ್ನು ಬಿಟ್ಟು ಫೋನ್ ಎತ್ತಿ ಹಿಡಿದ. "ಅಂಕಲ್, ಫ್ಲ್ಯಾಗ್ ಡ್ಯೂಕ್‌ಗೆ ಬರ್ತಿದ್ದಾನೆ!" ಅಂತ ಕೂಗಿದ. ಅವನ ಅಕ್ಕ ಡ್ಯೂಕ್ ಕಾಲೇಜಿನ ಎದುರಾಳಿಯಾದ ಚಾಪೆಲ್ ಹಿಲ್ ಕಾಲೇಜಿನ ಅಭಿಮಾನಿ. ಶಾಲನ್ನು ತೆಗೆದು ಕುರ್ಚಿಗೆ ಹಾಕಿ ಒಳಗೆ ಹೋಗಿಬಿಟ್ಟಳು. ಕಾಫಿ ಲೋಟ ಹಿಡಿದು ನಿಂತಿದ್ದ ಅಪ್ಪ-ಅಮ್ಮಂದಿರಿಗೆ ಏನೂ ಅರ್ಥವಾಗಲಿಲ್ಲ. ಯಾರು ಈ ಫ್ಲ್ಯಾಗ್? ಕಾಲೇಜು ಸೇರುವುದಕ್ಕೆ ಇಷ್ಟು ಗಲಾಟೆ ಯಾಕೆ?

ಅವತ್ತಿನಿಂದ ಈ ಪ್ರಶ್ನೆಗಳು ನನ್ನ ಬೆನ್ನು ಬಿಟ್ಟಿಲ್ಲ. ಪಾಟ್‌ಲಕ್‌ನಲ್ಲಿ ಕೇಳುತ್ತಾರೆ, ದೇವಸ್ಥಾನದ ಪಾರ್ಕಿಂಗ್‌ನಲ್ಲಿ ಕೇಳುತ್ತಾರೆ, ಊರಿಂದ ಫೋನ್ ಮಾಡಿದ ಅಣ್ಣನ ಮಗನೂ ಕೇಳುತ್ತಾನೆ. ಉತ್ತರಗಳನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ.

ಕೂಪರ್ ಫ್ಲ್ಯಾಗ್ ಅಂದರೆ ಯಾರು?

ಅಮೆರಿಕದ ಈಶಾನ್ಯ ತುದಿಯ ಮೈನ್ ರಾಜ್ಯದ ಹುಡುಗ. ಹುಟ್ಟಿದ್ದು 2006ರ ಡಿಸೆಂಬರ್ 21ರಂದು. ಊರು ನ್ಯೂಪೋರ್ಟ್, ಜನಸಂಖ್ಯೆ ಮೂರು ಸಾವಿರದ ಆಸುಪಾಸು. ಚಳಿ, ಹಿಮ, ಕೆರೆ, ಕಾಡು. ದೊಡ್ಡ ದೊಡ್ಡ ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು ಹುಡುಕಿಕೊಂಡು ಯಾರೂ ಹೋಗದ ಜಾಗ ಅದು.

ಮನೆಯೇ ಆಟದ ಮನೆ. ಅಮ್ಮ ಕೆಲ್ಲಿ ಮೈನ್ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರು. ಆ ತಂಡ 1999ರಲ್ಲಿ, ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಟೂರ್ನಿಯಲ್ಲಿ ಸ್ಟ್ಯಾನ್‌ಫರ್ಡ್ ತಂಡವನ್ನು ಸೋಲಿಸಿತ್ತು. ಮೈನ್ ಜನ ಈಗಲೂ ಅದನ್ನು ನೆನೆಸಿಕೊಳ್ಳುತ್ತಾರೆ. ಅಪ್ಪ ರಾಲ್ಫ್ ಕೂಡ ಕಮ್ಯುನಿಟಿ ಕಾಲೇಜಿನಲ್ಲಿ ಆಡಿದವರು. ಅಣ್ಣ ಹಂಟರ್, ಅವಳಿ ಸೋದರ ಏಸ್, ಇಬ್ಬರೂ ಆಟಗಾರರೇ. ಬಾಸ್ಟನ್ ಸೆಲ್ಟಿಕ್ಸ್‌ನ 1980ರ ದಶಕದ ಪಂದ್ಯಗಳ ಡಿವಿಡಿ ನೋಡುತ್ತಾ ಬೆಳೆದ ಮಕ್ಕಳು ಇವರು. ತಾನು ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮೊದಲಿನ ಲ್ಯಾರಿ ಬರ್ಡ್ ಆಟ ನೋಡಿ ಕಲಿತದ್ದು ಕೂಪರ್‌ನ ಆಟದಲ್ಲಿ ಕಾಣುತ್ತದೆ. ಚೆಂಡು ಕೈಗೆ ಬರುವ ಮೊದಲೇ ಮುಂದಿನ ಪಾಸ್ ಎಲ್ಲಿಗೆ ಅಂತ ಅವನಿಗೆ ಗೊತ್ತಿರುತ್ತದೆ.

ಒಂಬತ್ತನೇ ತರಗತಿಯಲ್ಲಿದ್ದಾಗ, 2022ರಲ್ಲಿ, ಊರಿನ ನೊಕೊಮಿಸ್ ಹೈಸ್ಕೂಲಿಗೆ ರಾಜ್ಯ ಪ್ರಶಸ್ತಿ ಗೆಲ್ಲಿಸಿದ. ಅದೇ ವರ್ಷ ಸ್ಪೇನ್‌ನಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಗೆದ್ದ ಅಮೆರಿಕ ತಂಡದಲ್ಲೂ ಆಡಿದ. ಆಗ ಅವನಿಗೆ 15 ವರ್ಷ. ಆಮೇಲೆ ಮನೆ ಬಿಟ್ಟು ಫ್ಲಾರಿಡಾದ ಮಾಂಟ್‌ವರ್ಡ್ ಅಕಾಡೆಮಿಗೆ ಹೋದ. ಅಲ್ಲಿ ಅವನ ಕೊನೆಯ ವರ್ಷ, 2023-24ರಲ್ಲಿ, ತಂಡ 33 ಪಂದ್ಯ ಆಡಿ 33ನ್ನೂ ಗೆದ್ದಿತು.

ಎತ್ತರ 6 ಅಡಿ 9 ಇಂಚು. ಆದರೆ ಅಭಿಮಾನಿಗಳು ಮಾತಾಡುವುದು ಎತ್ತರದ ಬಗ್ಗೆ ಅಲ್ಲ. ಡಿಫೆನ್ಸ್ ಬಗ್ಗೆ. ಹೆಸರು ಮಾಡಿದ ಹೈಸ್ಕೂಲ್ ಹುಡುಗರು ಸಾಮಾನ್ಯವಾಗಿ ಡಿಫೆನ್ಸ್‌ನಲ್ಲಿ ಉಸಿರು ಉಳಿಸಿಕೊಳ್ಳುತ್ತಾರೆ. ಇವನು ಬೇರೆಯವರು ಬಿಟ್ಟ ಜಾಗಕ್ಕೂ ಓಡಿಹೋಗಿ ಶಾಟ್ ತಡೆಯುತ್ತಾನೆ.

ಒಬ್ಬ ಹುಡುಗ ಕಾಲೇಜು ಸೇರುವುದು ಇಷ್ಟು ದೊಡ್ಡ ಸುದ್ದಿ ಹೇಗಾಯಿತು?

ಫುಟ್‌ಬಾಲ್‌ನಲ್ಲಿ ಒಂದು ಕಡೆ 11 ಜನ, ಅಮೆರಿಕನ್ ಫುಟ್‌ಬಾಲ್‌ನಲ್ಲಂತೂ ದೊಡ್ಡ ಸೈನ್ಯವೇ ಬೇಕು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಂಗಳದಲ್ಲಿರುವುದು ಐದೇ ಜನ. ಅದರಲ್ಲಿ ಒಬ್ಬ ಅಸಾಮಾನ್ಯ ಆಟಗಾರನಾದರೆ ಇಡೀ ತಂಡದ ಹಣೆಬರಹ ಬದಲಾಗುತ್ತದೆ. ಅವನು ಬಂದ ಅಂದ ತಕ್ಷಣ ಟಿಕೆಟ್‌ಗೆ ಬೇಡಿಕೆ ಏರುತ್ತದೆ, ಟಿವಿಯವರು ಬರುತ್ತಾರೆ, ಅವನ ಜೊತೆ ಆಡಬೇಕು ಅಂತ ಇನ್ನಿಬ್ಬರು ಒಳ್ಳೆಯ ಹುಡುಗರು ಸೇರುತ್ತಾರೆ.

ಇನ್ನೊಂದು ಕಾರಣ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕು. ಇಲ್ಲಿ ಕಾಲೇಜು ತಂಡ ಅಂದರೆ ಊರಿನ ತಂಡ. ನಾರ್ತ್ ಕ್ಯಾರೊಲೈನಾದ ಈ ಭಾಗದಲ್ಲಿ ಎನ್‌ಬಿಎ, ಅಂದರೆ ವೃತ್ತಿಪರ ಲೀಗ್‌ನ ತಂಡ ಇಲ್ಲ. ಡರ್ಹಮ್‌ನಲ್ಲಿ ಡ್ಯೂಕ್, ಅಲ್ಲಿಂದ ಹತ್ತು ಮೈಲಿಯ ಆಸುಪಾಸಿನಲ್ಲಿ ಚಾಪೆಲ್ ಹಿಲ್‌ನ ಯುಎನ್‌ಸಿ (ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯ), ರಾಲೀಯಲ್ಲಿ ಎನ್‌ಸಿ ಸ್ಟೇಟ್. ಯಾವ ಬಣ್ಣದ ಟೀ ಶರ್ಟ್ ಹಾಕಿಕೊಳ್ಳುತ್ತೀರಿ ಅನ್ನುವುದು ಇಲ್ಲಿ ಮನೆತನದ ವಿಷಯ. ಇಲ್ಲೇ ಹುಟ್ಟಿದ ನಮ್ಮ ಮಕ್ಕಳು ಕಿಂಡರ್‌ಗಾರ್ಟನ್‌ನಲ್ಲೇ ಡ್ಯೂಕ್‌ನ ಕಡು ನೀಲಿನಾ, ಯುಎನ್‌ಸಿಯ ತಿಳಿ ನೀಲಿನಾ ಅಂತ ಪಕ್ಷ ಸೇರಿಬಿಡುತ್ತಾರೆ.

ಅಷ್ಟು ಚೆನ್ನಾಗಿ ಆಡುವವನು ನೇರವಾಗಿ ಎನ್‌ಬಿಎಗೆ ಹೋಗಬಹುದಿತ್ತಲ್ಲ?

ಮೊದಲು ಹೋಗಬಹುದಿತ್ತು. ಕೋಬಿ ಬ್ರಯಂಟ್ 1996ರಲ್ಲಿ, ಲೆಬ್ರಾನ್ ಜೇಮ್ಸ್ 2003ರಲ್ಲಿ ಹೈಸ್ಕೂಲಿನಿಂದಲೇ ಹೋದರು. 2005ರ ಒಪ್ಪಂದದಲ್ಲಿ ಎನ್‌ಬಿಎ ಆ ಬಾಗಿಲು ಮುಚ್ಚಿತು. ಈಗ ಅಮೆರಿಕದ ಆಟಗಾರನಿಗೆ ಎರಡು ಷರತ್ತು. ಡ್ರಾಫ್ಟ್ (ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) ನಡೆಯುವ ಕ್ಯಾಲೆಂಡರ್ ವರ್ಷದೊಳಗೆ ಅವನಿಗೆ 19 ತುಂಬಬೇಕು. ಹೈಸ್ಕೂಲ್ ಮುಗಿದು ಒಂದು ವರ್ಷ ಆಗಿರಬೇಕು. ಹಾಗಾಗಿ ಬಹಳಷ್ಟು ಹುಡುಗರು ಒಂದೇ ವರ್ಷ ಕಾಲೇಜಿನಲ್ಲಿ ಆಡಿ ಹೊರಡುತ್ತಾರೆ. ಇದಕ್ಕೆ ಇಲ್ಲಿನವರು 'ವನ್ ಆ್ಯಂಡ್ ಡನ್' ಅನ್ನುತ್ತಾರೆ.

ಈಗ ಕೂಪರ್‌ನ ಹುಟ್ಟಿದ ದಿನ ಇನ್ನೊಮ್ಮೆ ನೋಡಿ. ಡಿಸೆಂಬರ್ 21. ಅವನು ಮೊದಲು 2025ರಲ್ಲಿ ಹೈಸ್ಕೂಲ್ ಮುಗಿಸಬೇಕಿದ್ದವನು. 2023ರ ಆಗಸ್ಟ್‌ನಲ್ಲಿ ತನ್ನ ಬ್ಯಾಚ್ ಬದಲಾಯಿಸಿಕೊಂಡು, ಒಂದು ವರ್ಷ ಮೊದಲೇ, 2024ಕ್ಕೆ ಮುಗಿಸುತ್ತೇನೆ ಎಂದ. ಇದಕ್ಕೆ ರೀಕ್ಲಾಸಿಫೈ ಆಗುವುದು ಅನ್ನುತ್ತಾರೆ. ಹಾಗೆ ಮಾಡಿದ್ದರಿಂದ 2025ರ ಡ್ರಾಫ್ಟ್‌ಗೆ ಅರ್ಹನಾದ. ಆ ವರ್ಷ ಮುಗಿಯುವ ಹತ್ತು ದಿನ ಮೊದಲು ಅವನಿಗೆ 19 ತುಂಬಿತು. ಜನವರಿ 1ರಂದು, ಅಂದರೆ ಬರೀ 11 ದಿನ ತಡವಾಗಿ ಹುಟ್ಟಿದ್ದರೆ, ಬ್ಯಾಚ್ ಬದಲಾಯಿಸಿಯೂ 2026ರವರೆಗೆ ಕಾಯಬೇಕಿತ್ತು. ಡ್ಯೂಕ್‌ನಲ್ಲಿ ಎರಡು ವರ್ಷ ಆಡುತ್ತಿದ್ದನೋ ಏನೋ. ಕಾಲೇಜು ಆಯ್ಕೆಯ ಬಗ್ಗೆ ಜನ ಗಂಟೆಗಟ್ಟಲೆ ಮಾತಾಡುತ್ತಾರೆ. ನನಗೆ ಕೇಳಿದರೆ ಈ ಕಥೆಯ ಅರ್ಧ ಭಾಗ ಆ 11 ದಿನಗಳಲ್ಲಿದೆ. ಅವನು ಹುಡುಕುತ್ತಿದ್ದದ್ದು ನಾಲ್ಕು ವರ್ಷದ ಕಾಲೇಜನ್ನಲ್ಲ. ಒಂದು ವರ್ಷ ಯಾರ ಕೈಯಲ್ಲಿ ಪಳಗಬೇಕು ಅನ್ನುವುದನ್ನು.

ಕೊನೆಗೆ ಎಷ್ಟು ಕಾಲೇಜುಗಳು ಉಳಿದಿದ್ದವು?

ಎರಡೇ. ಡ್ಯೂಕ್ ಮತ್ತು ಯುಕಾನ್, ಅಂದರೆ ಕನೆಕ್ಟಿಕಟ್ ವಿಶ್ವವಿದ್ಯಾಲಯ. ಕರೆದವರು ತುಂಬಾ ಜನ. ಅವನು ಪಟ್ಟಿಯನ್ನು ಎಳೆಯಲಿಲ್ಲ, ತಿಂಗಳುಗಟ್ಟಲೆ ಆಟ ಆಡಿಸಲಿಲ್ಲ. ಟಿವಿಯಲ್ಲಿ ಟೋಪಿಗಳ ಸಾಲು ಇಟ್ಟು ಒಂದನ್ನು ಎತ್ತುವ ಕಾರ್ಯಕ್ರಮವನ್ನೂ ಮಾಡಲಿಲ್ಲ. ಸ್ಲ್ಯಾಮ್ ಪತ್ರಿಕೆಯ ಮುಖಪುಟದಲ್ಲಿ ಸುದ್ದಿ ಬಂತು, ಅಷ್ಟೇ.

'ಅಫಿಷಿಯಲ್ ವಿಸಿಟ್' ಅಂದರೆ ಏನು?

ಕಾಲೇಜಿನವರೇ ಖರ್ಚು ಹಾಕಿ ಹುಡುಗನನ್ನು, ಮನೆಯವರನ್ನು ಕರೆಸಿಕೊಳ್ಳುವುದು. ಪ್ರಯಾಣ, ಊಟ, ಎರಡು ರಾತ್ರಿಯ ವಸತಿ ಅವರದ್ದೇ. ಕ್ಯಾಂಪಸ್ ತೋರಿಸುತ್ತಾರೆ, ಪ್ರಾಕ್ಟೀಸ್ ನೋಡಲು ಬಿಡುತ್ತಾರೆ. ಮುಖ್ಯವಾದದ್ದು ರಾತ್ರಿ. ಈಗಾಗಲೇ ತಂಡದಲ್ಲಿರುವ ಹುಡುಗರ ಜೊತೆ ಕೋಚ್ ಇಲ್ಲದೆ ಸುಮ್ನೆ ಕೂತು ಮಾತಾಡುವ ಹೊತ್ತು. ಹೆಣ್ಣು ನೋಡಲು ಹೋದಾಗ ಉಪ್ಪಿಟ್ಟು ಕೇಸರಿಬಾತ್ ಎಲ್ಲ ಮುಗಿದ ಮೇಲೆ ಹಿತ್ತಲಲ್ಲಿ ನಡೆಯುವ ಮಾತು ಇದೆಯಲ್ಲ, ನಿಜ ಗೊತ್ತಾಗುವುದು ಅಲ್ಲೇ. ಇದೂ ಹಾಗೆ.

ಯುಕಾನ್ ಬಿಟ್ಟು ಡ್ಯೂಕ್ ಯಾಕೆ? ಯುಕಾನ್ ಆಗ ಚಾಂಪಿಯನ್ ಅಲ್ವಾ?

ಹೌದು, ಯುಕಾನ್ 2023ರ ಚಾಂಪಿಯನ್. ಅವನು ತೀರ್ಮಾನ ಹೇಳಿದ ಮೇಲೆ 2024ರಲ್ಲೂ ಗೆದ್ದಿತು. ಒಟ್ಟು ಆರು ಪ್ರಶಸ್ತಿ. ಡ್ಯೂಕ್‌ನದ್ದು ಐದು: 1991, 1992, 2001, 2010, 2015. ಯುಕಾನ್ ಕೋಚ್ ಡ್ಯಾನ್ ಹರ್ಲಿ ಬೆಂಕಿಯಂಥ ಮನುಷ್ಯ, ಆಟಗಾರರಿಂದ ಕೊನೆಯ ಹನಿ ಬೆವರು ತೆಗೆಸುತ್ತಾರೆ. ಅದೂ ಅಲ್ಲದೆ ಮೈನ್ ಮತ್ತು ಕನೆಕ್ಟಿಕಟ್ ಎರಡೂ ನ್ಯೂ ಇಂಗ್ಲೆಂಡ್ ಭಾಗದವು. ಮನೆಯವರು ಕಾರಿನಲ್ಲೇ ಪಂದ್ಯಕ್ಕೆ ಹೋಗಿ ಬರಬಹುದು. ಡರ್ಹಮ್ ಅಲ್ಲಿಂದ 900 ಮೈಲಿಗೂ ಹೆಚ್ಚು ದೂರ. ಹಾಗಾಗಿ ಯುಕಾನ್ ಅಭಿಮಾನಿಗಳು ಆಸೆ ಇಟ್ಟುಕೊಂಡದ್ದು ತಪ್ಪೇನಲ್ಲ. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ನಂಬುತ್ತಿದ್ದೆ.

ಹಾಗಿದ್ದೂ ಡ್ಯೂಕ್ ಯಾಕೆ ಗೆದ್ದಿತು? ನಾನು ಇದನ್ನು ಹೀಗೆ ನೋಡುತ್ತೇನೆ.

ದೂರ ಅನ್ನುವುದು ಈ ಹುಡುಗನಿಗೆ ಹೊಸದಲ್ಲ. 15ನೇ ವಯಸ್ಸಿಗೇ ಹಿಮದ ಊರು ಬಿಟ್ಟು ಫ್ಲಾರಿಡಾಗೆ ಹೋದವನು. ಅವನ ಜೊತೆ ಏಸ್ ಕೂಡ ಹೋಗಿದ್ದ. ಇಡೀ ಮನೆಯೇ ಮಕ್ಕಳ ಆಟದ ಹಿಂದೆ ಜಾಗ ಬದಲಾಯಿಸಿತು. ಕೂಪರ್ ಡ್ಯೂಕ್ ಸೇರಿದ ವರ್ಷ ಏಸ್ ಗ್ರೀನ್ಸ್‌ಬರೋದ ಶಾಲೆಗೆ ಬಂದ. ಅದು ಡರ್ಹಮ್‌ನಿಂದ ಒಂದು ಗಂಟೆಯ ದಾರಿ. ಅಂದರೆ ಮನೆಯೇ ಹುಡುಗನ ಹತ್ತಿರಕ್ಕೆ ಬಂತು. ಭೂಪಟ ಹಿಡಿದು ಲೆಕ್ಕ ಹಾಕಿದ ಅಭಿಮಾನಿಗಳು ಎಡವಿದ್ದು ಇಲ್ಲಿ. ಅವರು ಊರನ್ನು ನೋಡಿದರು, ಮನೆಯನ್ನು ನೋಡಲಿಲ್ಲ.

ಎರಡನೆಯದು ಕೋಚ್. ಜಾನ್ ಶೈಯರ್ ಡ್ಯೂಕ್‌ನಲ್ಲೇ ಆಡಿ 2010ರಲ್ಲಿ ಪ್ರಶಸ್ತಿ ಗೆದ್ದವರು. 1980ರಿಂದ ತಂಡ ಕಟ್ಟಿದ ಮೈಕ್ ಶಶೆಫ್ಸ್ಕಿ 2022ರಲ್ಲಿ ನಿವೃತ್ತರಾದ ಮೇಲೆ ಇವರು ಬಂದರು. ಆಗ ವಯಸ್ಸು 35ರ ಆಸುಪಾಸು. ಅಷ್ಟು ದೊಡ್ಡವರ ಜಾಗಕ್ಕೆ ಬಂದವರಿಗೆ ತಾವೇ ತಂದ ಒಬ್ಬ ದೊಡ್ಡ ಆಟಗಾರ ಬೇಕಿತ್ತು. ಅಂಥ ಕೋಚ್ ಹುಡುಗನಿಗೆ ಕೊಡುವ ಗಮನವೇ ಬೇರೆ.

ಮೂರನೆಯದು ಡ್ಯೂಕ್ ಹಾದಿ. ಒಂದೇ ವರ್ಷ ಇರುವ ಹುಡುಗರನ್ನು ಹೇಗೆ ನಡೆಸಿಕೊಳ್ಳಬೇಕು ಅಂತ ಅಲ್ಲಿ ಗೊತ್ತು. ಕೈರಿ ಇರ್ವಿಂಗ್ 2011ರಲ್ಲಿ, ಜಯಾನ್ ವಿಲಿಯಮ್ಸನ್ 2019ರಲ್ಲಿ, ಪಾವ್ಲೊ ಬ್ಯಾಂಕೆರೊ 2022ರಲ್ಲಿ, ಮೂವರೂ ಡ್ಯೂಕ್‌ನಲ್ಲಿ ಒಂದು ವರ್ಷ ಆಡಿ ಡ್ರಾಫ್ಟ್‌ನಲ್ಲಿ ಮೊದಲನೆಯವರಾಗಿ ಹೋದರು. ಬಾಸ್ಟನ್‌ನ ಜೇಸನ್ ಟೇಟಮ್ ಕೂಡ ಹಾಗೇ ಒಂದು ವರ್ಷ ಇಲ್ಲಿ ಆಡಿದವರು. ಸೆಲ್ಟಿಕ್ಸ್ ನೋಡುತ್ತಾ ಬೆಳೆದ ಹುಡುಗನ ಕಣ್ಣಿಗೆ ಇದು ಬೀಳದೆ ಇರುತ್ತದಾ? ಯುಕಾನ್ ಗೆದ್ದದ್ದು ಹೆಚ್ಚಾಗಿ ಎರಡು-ಮೂರು ವರ್ಷ ಪಳಗಿದ ಆಟಗಾರರಿಂದ. ಅದು ಅದ್ಭುತ ದಾರಿ. ಆದರೆ 17ನೇ ವಯಸ್ಸಿಗೆ ಕಾಲೇಜಿಗೆ ಬಂದು 18ಕ್ಕೆ ಹೊರಡುವವನಿಗೆ ಹೇಳಿ ಮಾಡಿಸಿದ ದಾರಿ ಅಲ್ಲ.

ಎಲ್ಲ ದುಡ್ಡಿಗೋಸ್ಕರ ಅಲ್ವಾ?

ಹೆಚ್ಚು ಬಾರಿ ಕೇಳುವ ಪ್ರಶ್ನೆ ಇದು. ಕೇಳುವ ಧಾಟಿಯಲ್ಲೇ ಸ್ವಲ್ಪ ಕಹಿ ಇರುತ್ತದೆ.

ಮೊದಲು ನಿಯಮ ತಿಳಿಯೋಣ. 2021ರ ಜುಲೈ 1ರವರೆಗೆ ಕಾಲೇಜು ಆಟಗಾರ ತನ್ನ ಹೆಸರಿನಿಂದ ಒಂದು ಡಾಲರ್ ಸಂಪಾದಿಸಿದರೂ ತಪ್ಪು. ಕಾಲೇಜು ಅವನ ಜೆರ್ಸಿ ಮಾರಬಹುದು, ಟಿವಿಯವರು ಅವನನ್ನು ತೋರಿಸಿ ಕೋಟಿಗಟ್ಟಲೆ ಗಳಿಸಬಹುದು, ಅವನಿಗೆ ಮಾತ್ರ ಸ್ಕಾಲರ್‌ಶಿಪ್. ಆ ದಿನದಿಂದ ಹೆಸರು, ಮುಖ, ಗುರುತಿನಿಂದ ಸಂಪಾದಿಸಲು ಬಿಟ್ಟರು. ಇದನ್ನೇ ಎನ್‌ಐಎಲ್ ಅನ್ನುವುದು. 2025ರ ಜೂನ್‌ನಲ್ಲಿ ಒಂದು ದೊಡ್ಡ ಮೊಕದ್ದಮೆಯ ರಾಜಿಗೆ ನ್ಯಾಯಾಲಯ ಒಪ್ಪಿದ ಮೇಲೆ, ಕಾಲೇಜುಗಳೇ ನೇರವಾಗಿ ಆಟಗಾರರಿಗೆ ದುಡ್ಡು ಕೊಡಬಹುದು. ಮೊದಲ ವರ್ಷದ ಮಿತಿ ಎಲ್ಲ ಆಟಗಳೂ ಸೇರಿ ಒಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್.

ಕೂಪರ್ ಡ್ಯೂಕ್‌ನಲ್ಲಿದ್ದ ವರ್ಷಕ್ಕೆ ಈ ನೇರ ಪಾವತಿ ಇನ್ನೂ ಶುರುವಾಗಿರಲಿಲ್ಲ. ಅವನ ದೊಡ್ಡ ಜಾಹೀರಾತು ಒಪ್ಪಂದ ನ್ಯೂ ಬ್ಯಾಲೆನ್ಸ್ ಶೂ ಕಂಪನಿಯ ಜೊತೆ, 2024ರ ಆಗಸ್ಟ್‌ನಲ್ಲಿ. ಡ್ಯೂಕ್ ಆರಿಸಿಕೊಂಡು ಹತ್ತು ತಿಂಗಳಾದ ಮೇಲೆ. ಡ್ಯೂಕ್ ತಂಡ ಹಾಕುವುದು ನೈಕಿ. ನ್ಯೂ ಬ್ಯಾಲೆನ್ಸ್ ಬಾಸ್ಟನ್ ಕಂಪನಿ, ಅದರ ಒಂದು ಕಾರ್ಖಾನೆ ಮೈನ್‌ನ ಸ್ಕೌಹೀಗನ್‌ನಲ್ಲಿದೆ. ಅವನ ಊರಿನಿಂದ ದೂರವಿಲ್ಲ. ಕಾಲೇಜಿನ ಶೂ ಒಂದು, ಹುಡುಗನ ಶೂ ಇನ್ನೊಂದು. ದುಡ್ಡಿನ ವಿಷಯದಲ್ಲೂ ಅವನು ಮನೆಯ ಕಡೆಗೇ ನೋಡಿದ ಅಂತ ನನಗೆ ಅನಿಸುತ್ತದೆ.

ಇನ್ನು ಲೆಕ್ಕ ಹಾಕಲೇಬೇಕು ಅಂದರೆ ಎನ್‌ಬಿಎ ಲೆಕ್ಕ ಹಾಕಿ. 2025ರ ಡ್ರಾಫ್ಟ್‌ನಲ್ಲಿ ಮೊದಲನೆಯವನಿಗೆ ಮೊದಲ ವರ್ಷದ ಸಂಬಳ ಸುಮಾರು 1 ಕೋಟಿ 38 ಲಕ್ಷ ಡಾಲರ್. ಒಂದು ವರ್ಷ ಬೇಗ ಸೇರುವುದರ ಬೆಲೆ ಅದು. ದುಡ್ಡು ಬೇಡ ಅಂತ ಯಾರೂ ಹೇಳಬೇಕಾಗಿಲ್ಲ. ನಮ್ಮ ಮಕ್ಕಳು ಇಂಜಿನಿಯರಿಂಗ್ ಮುಗಿಸಿ ಎರಡು ಆಫರ್ ಬಂದಾಗ ಸಂಬಳ ನೋಡುವುದಿಲ್ವಾ? ಮೊಣಕಾಲು ಒಮ್ಮೆ ತಿರುಚಿದರೆ ಮುಗಿದುಹೋಗುವ ಕೆಲಸದಲ್ಲಿರುವ ಹುಡುಗ ದುಡ್ಡು ನೋಡಿದರೆ ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಮಾತು ಕೊಟ್ಟ ಮೇಲೆ ಬದಲಾಯಿಸಬಹುದಾ?

ಬಾಯಿಮಾತಿನ ಒಪ್ಪಿಗೆ ಯಾರನ್ನೂ ಕಟ್ಟಿಹಾಕುವುದಿಲ್ಲ. ಹಿಂದೆ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಅನ್ನುವ ಪತ್ರಕ್ಕೆ ಸಹಿ ಹಾಕಿದರೆ ಗಂಟು ಬಿಗಿಯುತ್ತಿತ್ತು. 2024ರ ಅಕ್ಟೋಬರ್‌ನಲ್ಲಿ ಆ ಪತ್ರವನ್ನೇ ತೆಗೆದುಹಾಕಿದರು. ಈಗ ಹಣಕಾಸಿನ ಒಪ್ಪಂದದ ಕಾಗದವೇ ಮುಖ್ಯ. ಮನಸ್ಸು ಬದಲಾಗುವುದು ಅಪರೂಪವೂ ಅಲ್ಲ. ಕೂಪರ್ ಜೊತೆ ಮಾಂಟ್‌ವರ್ಡ್‌ನಲ್ಲಿ ಆಡಿದ ಲಿಯಮ್ ಮೆಕ್‌ನೀಲಿ ಮೊದಲು ಇಂಡಿಯಾನಾಗೆ ಸಹಿ ಹಾಕಿದ್ದ. ಆಮೇಲೆ ಅದನ್ನು ಬಿಟ್ಟು ಯುಕಾನ್ ಸೇರಿದ.

ಸ್ಟಾರ್ ರೇಟಿಂಗ್, 'ಕ್ರಿಸ್ಟಲ್ ಬಾಲ್' ಭವಿಷ್ಯ, ಇವನ್ನು ನಂಬಬಹುದಾ?

247 ಸ್ಪೋರ್ಟ್ಸ್, ಇಎಸ್‌ಪಿಎನ್, ರೈವಲ್ಸ್ ಥರದವರು ಹೈಸ್ಕೂಲ್ ಆಟಗಾರರಿಗೆ ಐದು ಸ್ಟಾರ್, ನಾಲ್ಕು ಸ್ಟಾರ್ ಅಂತ ಕೊಡುತ್ತಾರೆ. ಯಾರು ಎಲ್ಲಿಗೆ ಹೋಗುತ್ತಾರೆ ಅಂತ ಭವಿಷ್ಯವನ್ನೂ ಹೇಳುತ್ತಾರೆ. ಅವರಲ್ಲಿ ವರ್ಷಗಟ್ಟಲೆ ಶಾಲೆಯ ಜಿಮ್‌ಗಳಲ್ಲಿ ಕೂತು ಆಟ ನೋಡುವವರಿದ್ದಾರೆ, ಅವರ ಮಾತಿಗೆ ತೂಕ ಇದೆ. ಹಾಗಂತ ಅದನ್ನು ಪಂಚಾಂಗದ ಥರ ಹಿಡಿದುಕೊಳ್ಳಬೇಡಿ.

ಜಯಾನ್ ವಿಲಿಯಮ್ಸನ್ ಕಥೆ ನೆನಪಿದೆಯಾ? ಸೌತ್ ಕ್ಯಾರೊಲೈನಾದ ಸ್ಪಾರ್ಟನ್‌ಬರ್ಗ್ ಡೇ ಸ್ಕೂಲ್ ಹುಡುಗ. ಕೊನೆಯ ಪಟ್ಟಿಯಲ್ಲಿ ಆರು ಹೆಸರು: ಕ್ಲೆಮ್ಸನ್, ಡ್ಯೂಕ್, ಕಾನ್ಸಸ್, ಕೆಂಟಕಿ, ನಾರ್ತ್ ಕ್ಯಾರೊಲೈನಾ, ಸೌತ್ ಕ್ಯಾರೊಲೈನಾ. ಕ್ಲೆಮ್ಸನ್ ಹತ್ತಿರದಲ್ಲೇ ಇದೆ, ಅವನ ಮಲತಂದೆ ಅಲ್ಲೇ ಆಡಿದವರು. ತುಂಬಾ ಜನ ಕ್ಲೆಮ್ಸನ್ನೇ ಅಂತ ನಂಬಿದ್ದರು. 2018ರ ಜನವರಿ 20ರಂದು ತನ್ನ ಶಾಲೆಯ ಜಿಮ್‌ನಲ್ಲಿ, ಟಿವಿ ಕ್ಯಾಮೆರಾ ಮುಂದೆ, ಡ್ಯೂಕ್ ಅಂದ. ಆರ್.ಜೆ. ಬ್ಯಾರೆಟ್, ಕ್ಯಾಮ್ ರೆಡ್ಡಿಶ್ ಆಗಲೇ ಡ್ಯೂಕ್‌ಗೆ ಒಪ್ಪಿದ್ದರು. ಇಎಸ್‌ಪಿಎನ್ ಪಟ್ಟಿಯ ಮೊದಲ ಮೂವರೂ ಒಂದೇ ಕಾಲೇಜಿಗೆ ಬಂದಂತಾಯಿತು. ಅಂಥ ತಂಡ ಪ್ರಶಸ್ತಿ ಗೆಲ್ಲುತ್ತದೆ ಅಂತ ಎಲ್ಲರೂ ಅಂದುಕೊಂಡರು. ಮಿಷಿಗನ್ ಸ್ಟೇಟ್ ವಿರುದ್ಧ 68-67ರಲ್ಲಿ, ಒಂದೇ ಒಂದು ಪಾಯಿಂಟ್‌ನಿಂದ ಸೋತು ಕೊನೆಯ ಎಂಟರಲ್ಲೇ ಹೊರಬಿದ್ದಿತು.

ಎ.ಜೆ. ಡಿಬಾನ್ಸಾ ನೋಡಿ. ಮ್ಯಾಸಚೂಸೆಟ್ಸ್‌ನ ಬ್ರಾಕ್‌ಟನ್ ಹುಡುಗ. ಅಲಬಾಮಾ, ಕಾನ್ಸಸ್, ನಾರ್ತ್ ಕ್ಯಾರೊಲೈನಾ ಬಿಟ್ಟು 2024ರ ಡಿಸೆಂಬರ್ 10ರಂದು ಯೂಟಾದ ಬಿವೈಯು ಆರಿಸಿಕೊಂಡ. ಹತ್ತು ವರ್ಷದ ಹಿಂದೆ ಹೀಗಾಗುತ್ತದೆ ಅಂದಿದ್ದರೆ ಯಾರೂ ನಂಬುತ್ತಿರಲಿಲ್ಲ. ಅಲ್ಲಿನ ಕೋಚ್ ಕೆವಿನ್ ಯಂಗ್ ಎನ್‌ಬಿಎದ ಫೀನಿಕ್ಸ್ ತಂಡದಲ್ಲಿ ಸಹಾಯಕರಾಗಿದ್ದವರು. ಇಲ್ಲೂ ಕಾಲೇಜಿನ ಹಳೆಯ ಹೆಸರಿಗಿಂತ ಕಲಿಸುವವರು ಯಾರು ಅನ್ನುವುದು ತೂಗಿತು.

ನಮ್ಮ ಕಾಲೇಜಿಗೆ ಬಾ ಅಂತ ಹುಡುಗನಿಗೆ ಮೆಸೇಜ್ ಮಾಡಬಹುದಾ?

ಬೇಡ. ದಯವಿಟ್ಟು ಬೇಡ. ಕಾಲೇಜಿಗೆ ದೇಣಿಗೆ ಕೊಟ್ಟವರಾದರೆ ಎನ್‌ಸಿಎಎ ನಿಯಮದ ತೊಂದರೆಯೂ ಇದೆ, ಅಂಥವರು ಆಟಗಾರರನ್ನು ಸೆಳೆಯುವ ಹಾಗಿಲ್ಲ. ನಿಯಮ ಆ ಕಡೆ ಇರಲಿ. 16-17 ವರ್ಷದ ಹುಡುಗನ ಫೋನಿಗೆ ಗೊತ್ತಿಲ್ಲದ ದೊಡ್ಡವರು ದಿನಾ ಮೆಸೇಜ್ ಮಾಡುವುದು ಸರಿಯಲ್ಲ.

ಇನ್ನೂ ಕೆಟ್ಟದ್ದು ತೀರ್ಮಾನ ಆದ ಮೇಲೆ ಬರುವ ಬೈಗುಳ. ನಿನ್ನೆ ತನಕ ನಮ್ಮ ಹುಡುಗ ಅಂತ ಕೊಂಡಾಡಿದವರು ಇವತ್ತು ಬಾಯಿಗೆ ಬಂದಂತೆ ಬರೆಯುತ್ತಾರೆ. ನಮ್ಮ ಕ್ಯಾರಿಯ ವಾಟ್ಸ್ಆ್ಯಪ್ ಗುಂಪಿನಲ್ಲೂ ಒಮ್ಮೆ ಇದು ಆಯಿತು. ಒಬ್ಬರು ಹಾಕಿದ ಮಾತನ್ನು ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಅವರಿಗೆ ಫೋನ್ ಮಾಡಿ, "ಸರ್, ನಿಮ್ಮ ಮಗನೂ ಅದೇ ವಯಸ್ಸಿನವನು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅದನ್ನು ಅಳಿಸಿಹಾಕಿದರು.

ಡ್ಯೂಕ್‌ನಲ್ಲಿ ಏನಾಯಿತು? ಆಯ್ಕೆ ಸರಿಯಾಯಿತಾ?

2024-25ರಲ್ಲಿ ಡ್ಯೂಕ್ 39 ಪಂದ್ಯ ಆಡಿ 35 ಗೆದ್ದಿತು. ಕೂಪರ್ ಸರಾಸರಿ 19.2 ಪಾಯಿಂಟ್, 7.5 ರೀಬೌಂಡ್, 4.2 ಅಸಿಸ್ಟ್. 2025ರ ಜನವರಿ 11ರಂದು ನೋಟರ್ ಡೇಮ್ ವಿರುದ್ಧ 42 ಪಾಯಿಂಟ್ ಹೊಡೆದ. ಡ್ಯೂಕ್ ಸೇರಿರುವ ಕಾಲೇಜುಗಳ ಎಸಿಸಿ ಕೂಟದಲ್ಲಿ ಮೊದಲ ವರ್ಷದ ಆಟಗಾರನೊಬ್ಬ ಒಂದು ಪಂದ್ಯದಲ್ಲಿ ಗಳಿಸಿದ ಅತಿ ಹೆಚ್ಚು ಪಾಯಿಂಟ್ ಅದು. ನಡೆದದ್ದು ಕ್ಯಾಮರನ್ ಇಂಡೋರ್ ಸ್ಟೇಡಿಯಂನಲ್ಲಿ. 1940ರ ಹಳೆಯ ಕಟ್ಟಡ, ಹಿಡಿಸುವುದು 9,314 ಜನ ಮಾತ್ರ. ವಿದ್ಯಾರ್ಥಿಗಳು ಅಂಗಳದ ಗೆರೆಗೆ ಅಂಟಿಕೊಂಡೇ ನಿಲ್ಲುತ್ತಾರೆ. ಮೈಗೆ ನೀಲಿ ಬಳಿದುಕೊಂಡಿರುತ್ತಾರೆ. ಎದುರು ತಂಡದವರು ಚೆಂಡು ಒಳಗೆ ಎಸೆಯಲು ಗೆರೆಯ ಹತ್ತಿರ ಬಂದರೆ ಇವರ ಬೆರಳುಗಳು ಅವರ ಬೆನ್ನಿಗೆ ಒಂದು ಗೇಣು ದೂರದಲ್ಲಿ ಅಲುಗಾಡುತ್ತಿರುತ್ತವೆ. ಯುಎನ್‌ಸಿ ಪಂದ್ಯದ ಟಿಕೆಟ್‌ಗಾಗಿ ಚಳಿಗಾಲದಲ್ಲಿ ವಾರಗಟ್ಟಲೆ ಟೆಂಟ್ ಹಾಕಿ ಮಲಗುವ ಮಕ್ಕಳು ಇವರೇ.

ಆಮೇಲೆ ಏಪ್ರಿಲ್ 5, ಸ್ಯಾನ್ ಆ್ಯಂಟೋನಿಯೋ. ಫೈನಲ್ ಫೋರ್‌ನಲ್ಲಿ, ಅಂದರೆ ಎನ್‌ಸಿಎಎ ಟೂರ್ನಿಯ ಸೆಮಿಫೈನಲ್‌ನಲ್ಲಿ, ಹ್ಯೂಸ್ಟನ್ ಎದುರು. ಎರಡನೇ ಅರ್ಧದಲ್ಲಿ ಡ್ಯೂಕ್ 14 ಪಾಯಿಂಟ್ ಮುಂದಿತ್ತು. ಒಂದು ನಿಮಿಷಕ್ಕಿಂತ ಕಡಿಮೆ ಉಳಿದಾಗಲೂ 6 ಪಾಯಿಂಟ್ ಮುಂದೆ. ಅಲ್ಲಿಂದ ಎಲ್ಲ ಜಾರಿತು. ಕೂಪರ್ ಮೇಲೆ ಒಂದು ಫೌಲ್ ಕೊಟ್ಟರು, ಹ್ಯೂಸ್ಟನ್ ಎರಡೂ ಫ್ರೀ ಥ್ರೋ ಹಾಕಿತು, 68-67. ಕೊನೆಯ ಸೆಕೆಂಡುಗಳಲ್ಲಿ ಚೆಂಡು ಕೂಪರ್ ಕೈಗೇ ಬಂತು. ತಿರುಗಿ, ಹಿಂದಕ್ಕೆ ವಾಲಿ ಎಸೆದ. ಚೆಂಡು ರಿಂಗ್‌ಗೆ ಸ್ವಲ್ಪ ಮೊದಲೇ ಬಿತ್ತು. ಕೊನೆಗೆ 70-67. ಅವತ್ತು ಅವನದ್ದು 27 ಪಾಯಿಂಟ್. ನಮ್ಮ ಮನೆಯಲ್ಲಿ ಟಿವಿ ಆರಿಸಲು ಯಾರೂ ಏಳಲಿಲ್ಲ.

ಪ್ರಶಸ್ತಿ ಬರಲಿಲ್ಲ, ಹಾಗಾಗಿ ಆಯ್ಕೆ ತಪ್ಪು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ವರ್ಷ ಯುಕಾನ್ ಎರಡನೇ ಸುತ್ತಿನಲ್ಲೇ ಫ್ಲಾರಿಡಾ ಎದುರು ಸೋತಿತು ಅಂತ ಹೇಳಿ ವಾದ ಗೆಲ್ಲಬಹುದು, ಅದರ ಅಗತ್ಯ ಇಲ್ಲ. ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ನೈಸ್ಮಿತ್, ವುಡನ್ ಎರಡೂ ಪ್ರಶಸ್ತಿಯನ್ನು ಕೂಪರ್ ಆ ವರ್ಷ ಗೆದ್ದ. ಜೂನ್‌ನಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ಅವನನ್ನು ಮೊದಲನೆಯವನಾಗಿ ಆರಿಸಿತು. ಜೊತೆಗಾರ ಕಾನ್ ನಿಪ್ಪಲ್ ನಾಲ್ಕನೆಯವನು, ದಕ್ಷಿಣ ಸುಡಾನ್‌ನ ಖಮಾನ್ ಮಲುವಾಚ್ ಹತ್ತನೆಯವನು. ಒಂದು ವರ್ಷದಲ್ಲಿ ಅವನು ಹುಡುಕಿದ್ದು ಸಿಕ್ಕಿತು.

ಕರ್ನಾಟಕದ ಮಕ್ಕಳಿಗೆ ಈ ದಾರಿ ಇದೆಯಾ?

ಇದೆ. ಬೆಂಗಳೂರಿನ ಸಂಜನಾ ರಮೇಶ್ ಸ್ಕಾಲರ್‌ಶಿಪ್ ಪಡೆದು ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದ್ದಾರೆ. ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ 2017ರಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆದಾಗ ನೋಡಲು ಹೋಗಿದ್ದ ಎಷ್ಟೋ ಹೆಣ್ಣುಮಕ್ಕಳು ಇವತ್ತು ಚೆಂಡು ಹಿಡಿದಿದ್ದಾರೆ.

ತಂದೆ-ತಾಯಿ ಗಮನದಲ್ಲಿ ಇಡಬೇಕಾದ್ದು ಓದು. ಕಾಲೇಜು ಕ್ರೀಡೆಯ ಮೇಲಿನ ಹಂತವಾದ ಡಿವಿಷನ್ ಒಂದರಲ್ಲಿ ಆಡಲು ಹೈಸ್ಕೂಲಿನಲ್ಲಿ 16 ಮುಖ್ಯ ವಿಷಯಗಳ ಕೋರ್ಸ್ ಮುಗಿಸಿರಬೇಕು, ಅವುಗಳಲ್ಲಿ ಸರಾಸರಿ ಕನಿಷ್ಠ 2.3 ಜಿಪಿಎ ಬೇಕು. ಎನ್‌ಸಿಎಎ ಅರ್ಹತಾ ಕೇಂದ್ರದಲ್ಲಿ ಹೆಸರು ನೋಂದಾಯಿಸಬೇಕು. ಹತ್ತನೇ ಕ್ಲಾಸ್ ಮುಗಿದ ಮೇಲೆ ನೋಡೋಣ ಅಂತ ಬಿಟ್ಟರೆ ತಡವಾಗುತ್ತದೆ, ಒಂಬತ್ತರಿಂದಲೇ ಲೆಕ್ಕ ಶುರು. ಡಿವಿಷನ್ ಮೂರರ ಕಾಲೇಜುಗಳು, ಹಾರ್ವರ್ಡ್, ಯೇಲ್ ಥರದ ಐವಿ ಲೀಗ್ ಕಾಲೇಜುಗಳು ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವುದಿಲ್ಲ. ಇನ್ನು ವಿದ್ಯಾರ್ಥಿ ವೀಸಾದಲ್ಲಿ ಹೋದವರು ಎನ್‌ಐಎಲ್ ದುಡ್ಡು ಮುಟ್ಟುವ ಮೊದಲು ವೀಸಾ ವಕೀಲರನ್ನು ಕೇಳಲೇಬೇಕು. ಆ ವೀಸಾದಲ್ಲಿ ಕೆಲಸ ಮಾಡಲು ಬಿಗಿಯಾದ ನಿಯಮಗಳಿವೆ. ಒಂದು ಜಾಹೀರಾತಿಗೋಸ್ಕರ ಓದನ್ನೇ ಕಳೆದುಕೊಳ್ಳುವಂತಾಗಬಾರದು.

ಅವಳಿ ಸೋದರ ಏಸ್ ಎಲ್ಲಿಗೆ ಹೋದ?

ಇದನ್ನು ಕೇಳುವವರು ಕಡಿಮೆ. ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದೇ.

ಒಂದೇ ದಿನ ಹುಟ್ಟಿದವರು, ಒಂದೇ ಅಂಗಳದಲ್ಲಿ ಬೆಳೆದವರು. ಒಬ್ಬನ ಹಿಂದೆ ಇಡೀ ದೇಶ, ಇನ್ನೊಬ್ಬನನ್ನು ಕೂಪರ್‌ನ ಸೋದರ ಅಂತಲೇ ಪರಿಚಯಿಸುತ್ತಿದ್ದರು. ಏಸ್ ತನ್ನ ಬ್ಯಾಚ್ ಬದಲಾಯಿಸಲಿಲ್ಲ. 2025ರಲ್ಲೇ ಹೈಸ್ಕೂಲ್ ಮುಗಿಸಿದ. ಆರಿಸಿಕೊಂಡದ್ದು ಮೈನ್ ವಿಶ್ವವಿದ್ಯಾಲಯ. ಅಮ್ಮ ಆಡಿದ ಕಾಲೇಜು, ಮನೆಯಿಂದ ಕಾರಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಕೂಪರ್ ಡಲ್ಲಾಸ್‌ನಲ್ಲಿ ಎನ್‌ಬಿಎ ಶುರುಮಾಡಿದ ಅದೇ ಚಳಿಗಾಲ, ನ್ಯೂಪೋರ್ಟ್‌ನವರು ಹಿಮದಲ್ಲಿ ಗಾಡಿ ಓಡಿಸಿಕೊಂಡು ಹೋಗಿ ನೋಡಬಹುದಾದ ಫ್ಲ್ಯಾಗ್ ಅವನೊಬ್ಬನೇ.